ಹೊಲಿಯದೆ ಬಿಟ್ಟ ಗಾಯ

ಎಂಬತ್ತರ ದಶಕದ ನಡುವಿನ ಮಾತು. ಕಬ್ಬಿನ ಹಂಗಾಮು ನಡೆದಿತ್ತು. ಬೀಳಗಿಯಿಂದ ಅನಗವಾಡಿ ಕಡೆ ಹೋಗುವ ರಸ್ತೆಯ ಒಂದು ಹಳ್ಳಿಯಲ್ಲಿ ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದೆ. ಶಾಲೆ ಬಿಟ್ಟ ಮೇಲೆ ಊರ ಹೊರಗಿನ ಸಣ್ಣ ಸೇತುವೆಯ ಕಟ್ಟೆಯ ಹತ್ತಿರ ಬಸ್ಸಿಗೆ ಕಾಯುವುದು ದಿನದ ರೂಢಿ. ಅವತ್ತೂ ಹಾಗೇ ನಿಂತಿದ್ದೆ. ಕಬ್ಬು ಹೇರಿದ ಎರಡು ಟ್ರೇಲರುಗಳನ್ನು ಎಳೆದುಕೊಂಡು ಒಂದು ಟ್ರ್ಯಾಕ್ಟರ್ ಬಂತು. ಟ್ರ್ಯಾಕ್ಟರ್ ನನ್ನನ್ನು ದಾಟಿತು, ಮೊದಲನೆಯ ಟ್ರೇಲರೂ ದಾಟಿತು. ಹಿಂದಿನದರ ಕೊಂಡಿ ಕಳಚಿತು. ಅದು ಓರೆಯಾಗಿ ಹೊರಳಿ ಬಂದು ನನ್ನ ಬಲಗಾಲನ್ನು ಕಟ್ಟೆಗೆ ಒತ್ತಿ ನಿಂತಿತು.

ಒಣ ಕಟ್ಟಿಗೆ ಮುರಿದಂಥ ಸದ್ದು ಕೇಳಿಸಿತು. ಅದು ನನ್ನ ಕಾಲಿನದೆಂದು ತಕ್ಷಣ ತಿಳಿಯಲಿಲ್ಲ. ಜನ ಸೇರಿ ಟ್ರೇಲರನ್ನು ಹಿಂದಕ್ಕೆ ತಳ್ಳಿದಾಗ ನಾನು ಮಣ್ಣಿನಲ್ಲಿ ಕುಸಿದೆ. ಸೀರೆ ಸರಿಸಿ ನೋಡಿದೆ. ಕಣಕಾಲಿನ ಚರ್ಮ ಹರಿದು ಎಲುಬಿನ ತುದಿ ಹೊರಗೆ ಬಂದಿತ್ತು. ಅದಕ್ಕೆ ರಸ್ತೆಯ ಕರಿಮಣ್ಣು ಮೆತ್ತಿಕೊಂಡಿತ್ತು.

ಸುತ್ತ ನಿಂತವರಿಗೆಲ್ಲ ಏನಾದರೂ ಮಾಡಬೇಕೆಂಬ ಆತುರ. ಒಬ್ಬರು ಹೆಗಲ ಮೇಲಿನ ಬೆವರಿನ ಟವೆಲ್ ಎಳೆದರು. ಇನ್ನೊಬ್ಬರು ಜೇಬಿನಿಂದ ತಂಬಾಕಿನ ಪೊಟ್ಟಣ ತೆಗೆದರು.

"ತಂಬಾಕ ಒತ್ತರಿ, ರಕ್ತ ನಿಂದರತೈತಿ."

"ಏನೂ ಹಚ್ಚಬ್ಯಾಡ್ರಿ," ಅಂದೆ. "ತೊಳದ ಬಟ್ಟಿ ಇದ್ರ ಕೊಡ್ರಿ."

ಆ ಮಾತು ಎಲ್ಲಿಂದ ಬಂತೋ ಗೊತ್ತಿಲ್ಲ. ಪ್ರಥಮ ಚಿಕಿತ್ಸೆಯ ಪಾಠವನ್ನು ವರ್ಷ ವರ್ಷ ಮಕ್ಕಳಿಗೆ ಹೇಳಿ ಹೇಳಿ ನಾಲಿಗೆಗೆ ಹತ್ತಿಕೊಂಡಿತ್ತೇನೋ. ಹಿಂದೆ ಬರುತ್ತಿದ್ದ ಎತ್ತಿನ ಚಕ್ಕಡಿಯಿಂದ ಕಬ್ಬು ಕಡಿಯುವ ಹೆಂಗಸೊಬ್ಬಳು ಇಳಿದು ಬಂದಳು. ತನ್ನ ಗಂಟಿನಿಂದ ಒಗೆದು ಮಡಚಿಟ್ಟ ಸೀರೆಯನ್ನು ತೆಗೆದು, ಹಲ್ಲಿನಿಂದ ಸೆರಗು ಕಚ್ಚಿ ಉದ್ದಕ್ಕೆ ಹರಿದಳು. ಮರಾಠಿ ಮಾತಾಡುತ್ತಿದ್ದಳು. ಹೆಸರು ಕೇಳುವ ಸ್ಥಿತಿ ನನಗಿರಲಿಲ್ಲ. ಆ ಬಟ್ಟೆ ಸುತ್ತಿಕೊಂಡೇ ನಾನು ಜೀಪಿನಲ್ಲಿ ಜಮಖಂಡಿ ಸೇರಿದೆ.

ಜಮಖಂಡಿಯಲ್ಲಿ ಆಗ ಎಲುಬಿನ ಡಾಕ್ಟರೊಬ್ಬರು ಸಣ್ಣ ದವಾಖಾನೆ ನಡೆಸುತ್ತಿದ್ದರು. ಮಾತು ಕಡಿಮೆಯ, ತೆಳ್ಳನೆಯ ಮನುಷ್ಯ. ಧನುರ್ವಾಯುವಿನ ಇಂಜೆಕ್ಷನ್ ಕೊಟ್ಟು ಒಳಗೆ ಒಯ್ದರು. ಎಚ್ಚರವಾದಾಗ ನನ್ನ ಕಣಕಾಲಿನ ಹೊರಗೆ ಉದ್ದಕ್ಕೆ ಒಂದು ಉಕ್ಕಿನ ಸರಳು ಇತ್ತು. ಅದರಿಂದ ಹೊರಟ ಮೊಳೆಗಳು ಚರ್ಮದೊಳಗೆ ಇಳಿದು ಎಲುಬನ್ನು ಹಿಡಿದಿದ್ದವು. ನಡುವೆ ದಪ್ಪ ಬಿಳಿ ಪಟ್ಟಿ. ಮಂಚದ ಬದಿಯಲ್ಲಿ ನನ್ನ ಗಂಡ ಮಾಳಪ್ಪ ನಿಂತಿದ್ದರು. ಬೀಳಗಿಯ ತಹಶೀಲ್ದಾರ ಕಚೇರಿಯಲ್ಲಿ ಗುಮಾಸ್ತರು. ಕಚೇರಿಯಿಂದ ಹಾಗೇ ಓಡಿ ಬಂದದ್ದರಿಂದ ಬೆರಳುಗಳ ಮೇಲೆ ಶಾಯಿಯ ಕಲೆ ಇತ್ತು. ಅವರ ಹಿಂದೆ ನಮ್ಮತ್ತೆ ಹೊನ್ನವ್ವ. ಅವರ ಸೆರಗಿನ ಗಂಟಿನಲ್ಲಿ ಬೀರಪ್ಪನ ಗುಡಿಯ ಭಂಡಾರ, ಅಂದರೆ ಅರಿಶಿನಪುಡಿ, ಸದಾ ಇರುತ್ತಿತ್ತು. ಅದನ್ನು ಬಿಚ್ಚಿ ನನ್ನ ಹಣೆಗೆ ಹಚ್ಚುತ್ತಿದ್ದರು.

ಡಾಕ್ಟರು ಬಂದು ಹೇಳಿದರು: "ಎಲುಬು ಕೂಡಿಸಿ ಹಿಡಿಸೇನ್ರಿ. ಗಾಯ ತೊಳದು, ಸತ್ತ ಮಾಂಸ ಎಲ್ಲಾ ತಗದೇನಿ. ಹೊಲದಿಲ್ಲ."

"ಹೊಲದಿಲ್ಲಂದ್ರ?" ಅತ್ತೆ ಕೇಳಿದರು. "ಗಾಯ ಬಾಯಿ ತಕ್ಕೊಂಡ ಬಿಟ್ಟೀರೇನು?"

"ಹೌದವ್ವಾ. ಒಳಗ ಮಣ್ಣ ಹೊಕ್ಕಿತ್ತು. ಈಗ ಹೊಲದ್ರ ಹೊಲಸ ಒಳಗ ಸಿಗಬೀಳತೈತಿ, ಕೀವ ಆಗತೈತಿ. ಒಳಗಿಂದ ತುಂಬಕೊಂತ ಬರಬೇಕು. ಅಲ್ಲೀತನಕ ಪಟ್ಟಿ ಕಟ್ಟಿ ಕಾಯೋದು. ಈ ಕಾಲ ಉಳಿಯೂದು ಪಟ್ಟಿ ಮ್ಯಾಲ ಐತಿ."

ಡಾಕ್ಟರು ಹೋದ ಮೇಲೆ ಅತ್ತೆ ಮಗನ ಕಡೆ ತಿರುಗಿ ಸಣ್ಣ ದನಿಯಲ್ಲಿ ಅಂದರು: "ಅರ್ಧಾ ಕೆಲಸ ಮಾಡಿ ಬಿಟ್ಟಾರ. ಮಿರಜಿನ ದೊಡ್ಡ ದವಾಖಾನಿಗಿ ಒಯ್ಯೋಣು ನಡಿ." ನನಗೂ ಹಾಗೇ ಅನಿಸಿತ್ತು. ಗಾಯವೆಂದರೆ ಹೊಲಿದು ಮುಚ್ಚುವುದು ಎಂದೇ ಅಲ್ಲಿಯವರೆಗೆ ನಾವೆಲ್ಲ ತಿಳಿದಿದ್ದೆವು. ತೆರೆದ ಗಾಯವನ್ನು ಕಾಲಿನಲ್ಲಿಟ್ಟುಕೊಂಡು ಮಲಗುವುದು, ಬಾಗಿಲು ಹಾಕದ ಮನೆಯಲ್ಲಿ ಮಲಗಿದ ಹಾಗೆ ಅನಿಸುತ್ತಿತ್ತು.

ಬೆಳಗಿನ ಪಟ್ಟಿಯ ಗಾಡಿ ದೂರದಿಂದಲೇ ಕೇಳಿಸುತ್ತಿತ್ತು. ಅದರ ಒಂದು ಗಾಲಿ ಕಿರುಗುಟ್ಟುತ್ತಿತ್ತು. ಆ ಸದ್ದು ಹತ್ತಿರವಾದಂತೆಲ್ಲ ವಾರ್ಡಿನ ಮಾತು ಒಂದೊಂದಾಗಿ ನಿಲ್ಲುತ್ತಿತ್ತು. ಪಟ್ಟಿ ಕಟ್ಟುವವರು ಸುಮಿತ್ರಾ ಸಿಸ್ಟರ್. ನೋವಾಗುವುದಿಲ್ಲ ಎಂಬ ಸುಳ್ಳನ್ನು ಅವರು ಒಂದು ದಿನವೂ ಹೇಳಲಿಲ್ಲ.

"ನೋವ ಆಗತೈತ್ರಿ ಅಕ್ಕೋರ. ಆದ್ರ ನಾ ಜಗ್ಗಂಗಿಲ್ಲ. ತೋಯಿಸಿ ಬಿಡತೇನಿ, ಅದ ತಾನಾಗಿ ಬಿಡತೈತಿ. ಅಲ್ಲೀತನಕ ನೀವು ಏನರ ಅನಕೋತ ಇರ್ರಿ."

ಗಾಯದೊಳಗೆ ತುಂಬಿದ್ದ ಗಾಜ್ ಎಂಬ ಜಾಳು ಬಟ್ಟೆ ಒಣಗಿ ಮಾಂಸಕ್ಕೆ ಹತ್ತಿಕೊಂಡಿರುತ್ತಿತ್ತು. ಅದರ ಮೇಲೆ ಸಲೈನ್ ಸುರಿದು ಅವರು ಕಾಯುತ್ತಿದ್ದರು. ಸಾಲಿನಲ್ಲಿ ಇನ್ನೂ ಎಷ್ಟೋ ಮಂಚಗಳಿದ್ದರೂ ಕಾಯುತ್ತಿದ್ದರು. ಆ ಕಾಯುವಿಕೆಯನ್ನು ನಾನು ಮರೆತಿಲ್ಲ. ಮೊದಲ ದಿನ ನನಗೆ ದೇವರ ಹೆಸರು ನೆನಪಾಗಲಿಲ್ಲ. ಹದಿಮೂರರ ಮಗ್ಗಿ ನೆನಪಾಯಿತು. ಮಕ್ಕಳು ಯಾವಾಗಲೂ ತಡವರಿಸುವ ಮಗ್ಗಿ ಅದು. ಹಲ್ಲು ಕಚ್ಚಿ ಅದನ್ನೇ ಹೇಳತೊಡಗಿದೆ. ಚಿಮಟಿಗೆ ಗಾಯದ ತಳ ಮುಟ್ಟಿದಾಗ ಮಗ್ಗಿ ತಪ್ಪಿತು. ಪರದೆಯ ಆಚೆಯಿಂದ ನಮ್ಮ ಇವರು ಮುಂದಿನ ಸಾಲನ್ನು ಹೇಳಿಕೊಟ್ಟರು. ಸಿಸ್ಟರ್ ನಕ್ಕರು. ನಾನು ಅಳುತ್ತಲೇ ಮುಂದುವರಿಸಿದೆ. ಅಂದಿನಿಂದ ಪಟ್ಟಿಯ ಹೊತ್ತಿಗೆ ಗಂಡ ಹೆಂಡತಿ ಪರದೆಯ ಈಚೆ ಆಚೆ ಮಗ್ಗಿ ಹೇಳುವುದು ವಾರ್ಡಿಗೆಲ್ಲ ಗೊತ್ತಾಯಿತು.

ಹಗಲೆಲ್ಲ ಸರಳಿನ ಕಾಲನ್ನು ದಿಂಬಿನ ಮೇಲಿಟ್ಟು ಮಲಗಿರುವುದು. ನನಗೆ ನೋವಿಗಿಂತ ಹೆಚ್ಚು ಕಷ್ಟ ಕೊಟ್ಟದ್ದು ಮಂಚದ ಮೇಲೆಯೇ ಎಲ್ಲ ಆಗಬೇಕಿತ್ತಲ್ಲ, ಅದು. ಅದನ್ನು ನಮ್ಮತ್ತೆ ನೋಡಿಕೊಂಡರು. ಸೀರೆಯನ್ನು ಪರದೆಯಂತೆ ಹಿಡಿದು, ಮುಖ ಆಚೆ ತಿರುಗಿಸಿ, ಯಾವುದೋ ಊರಿನ ಸುದ್ದಿ ಹೇಳುತ್ತಾ ಮಾಡಿ ಮುಗಿಸುತ್ತಿದ್ದರು. ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಮುಂದೆ ಆದದ್ದನ್ನು ಓದುವಾಗ ಇದನ್ನು ನೆನಪಿಟ್ಟುಕೊಳ್ಳಬೇಕೆಂದು ಮೊದಲೇ ಹೇಳುತ್ತಿದ್ದೇನೆ.

ಕೆಲವು ವಾರಗಳಾದ ಮೇಲೆ, ಸರಳು ಹಾಕಿದ ಕಾಲಿನೊಂದಿಗೇ ಮನೆಗೆ ಹೋಗಬಹುದು ಎಂದರು ಡಾಕ್ಟರು. ಪಟ್ಟಿ ಮಾತ್ರ ದಿನವೂ ಬದಲಾಗಬೇಕು. ಬೀಳಗಿಯಿಂದ ದಿನಾಲು ಜಮಖಂಡಿಗೆ ಆ ರಸ್ತೆಯಲ್ಲಿ ಕುಲುಕುತ್ತಾ ಬರುವಂತಿರಲಿಲ್ಲ.

"ಮನ್ಯಾಗ ಯಾರ ಮಾಡತೀರಿ?"

"ನಾ ಮಾಡತೇನ್ರಿ," ಅಂದರು ಇವರು.

ಡಾಕ್ಟರು ಅವರ ಕೈ ನೋಡಿದರು. "ಉಗುರ ತಗೀರಿ ಮದಲ. ಸಿಸ್ಟರ್ ಕಲಸತಾರ."

ಆ ವಾರ ಇವರು ದಿನವೂ ಸುಮಿತ್ರಾ ಸಿಸ್ಟರ್ ಪಕ್ಕದಲ್ಲಿ ನಿಂತು ಕಲಿತರು. ಅತ್ತೆಗೆ ಅದು ಸರಿ ಕಾಣಲಿಲ್ಲ. ಹೊರಗಿನ ಬೆಂಚಿನ ಮೇಲೆ ಅವರಿಬ್ಬರ ಮಾತು ನನ್ನ ಮಂಚದವರೆಗೂ ಕೇಳಿಸುತ್ತಿತ್ತು.

"ದಿನಾ ಹೇಂತಿ ಕಾಲ ಬುಡಕ ಕುಂದ್ರತಿಯೇನಲೇ? ಕಾಲ ಹಿಡೀತಿ? ಮಂದಿ ಏನಂದಾರು?"

"ಮಂದಿ ಬಂದ ಪಟ್ಟಿ ಕಟ್ಟತಾರೇನಬೇ?"

"ಕಂಪೌಂಡರಗ ಹೇಳು."

"ಕಂಪೌಂಡರ ಹತ್ತ ಮನಿ ತಿರುಗಿ ಬರತಾನ. ಅದ ಕೈಲೆ ಇಕಿ ಕಾಲ ಮುಟ್ಟತಾನ. ಬ್ಯಾಡ. ನಾನ ಮಾಡತೇನಿ."

ನಮ್ಮಲ್ಲಿ ಗಂಡ ಹೆಂಡತಿಯ ಕಾಲು ಮುಟ್ಟುವುದು ಎಷ್ಟು ದೊಡ್ಡ ಮಾತು ಎಂಬುದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ನನಗೂ ಒಳಗೊಳಗೇ ಸಂಕೋಚವಿತ್ತು. ಆದರೆ ಇವರು ಕಚೇರಿಯ ಕೆಲಸ ಮಾಡಿದಷ್ಟೇ ಶಿಸ್ತಿನಿಂದ ಇದನ್ನೂ ಹಿಡಿದರು. ಕತ್ತರಿಸಿದ ಗಾಜ್ ತುಂಡುಗಳನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು ಕುಕ್ಕರಿನಲ್ಲಿ ಕೂಗಿಸುವುದು, ಸಿಸ್ಟರ್ ಹೇಳಿದ ಅಳತೆಯಲ್ಲಿ ಉಪ್ಪು ಹಾಕಿ ನೀರು ಕುದಿಸಿ ಮುಚ್ಚಿ ಆರಿಸುವುದು, ಮೊಳಕೈಯವರೆಗೆ ಸೋಪು ಹಚ್ಚಿ ತೊಳೆಯುವುದು, ಬಾಯಿಗೆ ಕರವಸ್ತ್ರ ಕಟ್ಟುವುದು. ಪಟ್ಟಿ ಬಿಚ್ಚುವ ಮುಂಚೆ ಕೋಣೆಯ ಕಸ ಗುಡಿಸಬಾರದು, ಧೂಳು ಏಳುತ್ತದೆ. ನೊಣ ಬರದಂತೆ ಕಿಟಕಿ ಮುಚ್ಚಬೇಕು. ಬಿಚ್ಚಿದ ಮೇಲೆ ಮಾತಾಡಬಾರದು. ದಿನವಿಡೀ ಕಚೇರಿಯಲ್ಲಿ ಜನರ ಜೊತೆ ಮಾತಾಡಿ ಬಂದ ಮನುಷ್ಯ ಅಷ್ಟು ಹೊತ್ತು ಮೌನವಾಗಿ ನನ್ನ ಕಾಲಿನ ಮುಂದೆ ಕೂತಿರುತ್ತಿದ್ದರು. ಮದುವೆಯಾದಂದಿನಿಂದ ಅವರನ್ನು ಅಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ.

ಆದರೆ ನಮ್ಮದು ದೊಡ್ಡ ಬಳಗ. ನಾನು ಮನೆಗೆ ಬಂದ ಸುದ್ದಿ ಹರಡಿದ್ದೇ ತಡ, ಸುತ್ತಲಿನ ಊರುಗಳಿಂದ ನೆಂಟರು ಬರತೊಡಗಿದರು. ಬಂದವರೆಲ್ಲ ಪ್ರೀತಿಯಿಂದಲೇ ಬಂದರು. ಚಹಾ ಕುಡಿದು, ಸರಳು ನೋಡಿ ಬಾಯಿಗೆ ಸೆರಗು ಹಿಡಿದು, ಕೊನೆಗೆ ಒಂದೇ ಮಾತು ಕೇಳುತ್ತಿದ್ದರು: "ಗಾಯ ಎಷ್ಟ ಐತಿ, ತೋರಸ್ರಿ ನೋಡೋಣು." ಗಾಯ ನೋಡದೆ ಹೋದರೆ ಮಾತಾಡಿಸಿದಂತೆ ಆಗುವುದಿಲ್ಲ ಎಂಬ ಭಾವನೆ. ಇವರು ಮನೆಯಲ್ಲಿದ್ದಾಗ ಬೇಡವೆನ್ನುತ್ತಿದ್ದರು. ಕಚೇರಿಗೆ ಹೋದಾಗ ನಾನು ಬೇಡವೆನ್ನುತ್ತಿದ್ದೆ. ನೋವಿನ ಗುಳಿಗೆ ತೆಗೆದುಕೊಂಡ ಮೇಲೆ ನನಗೆ ಗಾಢ ನಿದ್ದೆ ಬರುತ್ತಿತ್ತು. ಅಂಥ ಒಂದೆರಡು ಮಧ್ಯಾಹ್ನ ಏನಾಯಿತೆಂದು ನನಗೆ ಆಮೇಲೆ ತಿಳಿಯಿತು.

ಮೊದಲು ಮೈ ಬಿಸಿಯಾಯಿತು. ಆಮೇಲೆ ಚಳಿ. ಪಟ್ಟಿಯ ಮೇಲೆ ಹಸಿರು ಮಿಶ್ರಿತ ಹಳದಿ ಕಲೆ ಕಾಣಿಸಿತು. ಆಮೇಲೆ ವಾಸನೆ. ಅದನ್ನು ಅನುಭವಿಸಿದವರಿಗೆ ವಿವರಿಸಬೇಕಿಲ್ಲ, ಇಲ್ಲದವರಿಗೆ ವಿವರಿಸುವುದು ಬೇಡ. ನಾಲ್ಕು ವರ್ಷದ ನನ್ನ ಮಗಳು ಗೀತಾಳನ್ನು ಮಹಾಲಿಂಗಪುರದ ನನ್ನ ತವರಿನಲ್ಲಿ ಬಿಟ್ಟಿದ್ದೆವು. ಅದೇ ದಿನ ನಮ್ಮವ್ವ ಅವಳನ್ನು ಕರೆದುಕೊಂಡು ಬಂದಳು. ಎಷ್ಟೋ ದಿನಗಳ ಮೇಲೆ ನೋಡುತ್ತಿದ್ದೆ. ಕೈ ಚಾಚಿದೆ. ಹುಡುಗಿ ಹೊಸ್ತಿಲ ಮೇಲೆಯೇ ನಿಂತಳು.

"ಅವ್ವಾ, ನಿನ್ನ ಕಾಲ ನಾರತೈತಿ."

ನಮ್ಮವ್ವ ಅವಳ ಬಾಯಿ ಮುಚ್ಚಿದಳು. ನಾನು ಬೇಡವೆಂದೆ. ಅಷ್ಟು ಜನ ದೊಡ್ಡವರಲ್ಲಿ ಯಾರೂ ಹೇಳದ ಮಾತನ್ನು ಅವಳು ಹೇಳಿದ್ದಳು. ಇವರು ಆಗಲೇ ಜೀಪು ತರಲು ಹೊರಟಿದ್ದರು.

ಜಮಖಂಡಿಯಲ್ಲಿ ಡಾಕ್ಟರು ಪಟ್ಟಿಯನ್ನು ಪದರ ಪದರವಾಗಿ ಬಿಚ್ಚಿದರು. ಒಳಗಿನ ಪದರದಲ್ಲಿ ಕೀವಿನ ಜೊತೆಗೆ ಬೇರೆಯದೇ ಒಂದು ಅಚ್ಚ ಹಳದಿ ಇತ್ತು. ಎಲೆಯ ಸಣ್ಣ ಚೂರುಗಳಿದ್ದವು. ಅವರು ಚಿಮಟಿಗೆಯಲ್ಲಿ ಒಂದು ಚೂರನ್ನು ಎತ್ತಿ ಬೆಳಕಿಗೆ ಹಿಡಿದರು.

"ಇದೇನ್ರಿ?"

ಇವರು ತಿರುಗಿ ತಾಯಿಯ ಕಡೆ ನೋಡಿದರು. ಅತ್ತೆ ಗೋಡೆಗೆ ಒರಗಿದ್ದರು. ತಪ್ಪಿಸಿಕೊಳ್ಳಲು ನೋಡಲಿಲ್ಲ.

"ನಾನ ಹಚ್ಚೇನ್ರಿ. ದೇವರ ಭಂಡಾರ, ಮ್ಯಾಲ ತೊಪ್ಪಲದ ರಸ. ಬಿಚ್ಚಿ ಹಚ್ಚಿ ಮತ್ತ ಹಂಗ ಕಟ್ಟೇನಿ. ಆಕಿಗಿ ಗೊತ್ತಿಲ್ಲ. ನಿದ್ದಿ ಹತ್ತಿತ್ತು."

ಇವರ ಮುಖ ಕೆಂಪಾಯಿತು. ಡಾಕ್ಟರು ಕೈ ಎತ್ತಿ ಅವರನ್ನು ತಡೆದರು. ಅತ್ತೆಯ ಕಡೆ ತಿರುಗಿ ಹೇಳಿದರು: "ಅವ್ವಾ, ಇದರಿಂದನ ಕೀವ ಆತು ಅಂತ ನಾ ಹೇಳಂಗಿಲ್ಲ. ರಸ್ತಾದ ಮಣ್ಣ ಎಲ್ಲ್ಯಾರ ಸಂದ್ಯಾಗ ಉಳದಿದ್ರೂ ಆಗತೈತಿ. ನನಗೂ ಖರೆ ಗೊತ್ತಿಲ್ಲ. ಆದ್ರ ಇನ್ನ ಮ್ಯಾಲ ಯಾರೂ ಬಿಚ್ಚಬಾರದು."

ಆಮೇಲೆ ನನಗೂ ಇವರಿಗೂ ಮುಚ್ಚುಮರೆಯಿಲ್ಲದೆ ಹೇಳಿದರು. ಕೀವು ಇನ್ನೂ ಎಲುಬಿನೊಳಗೆ ಪೂರ್ತಿ ಇಳಿದಂತೆ ಕಾಣುವುದಿಲ್ಲ. ಮತ್ತೊಮ್ಮೆ ಒಳಗೆ ಒಯ್ದು ಕೆಟ್ಟದ್ದನ್ನೆಲ್ಲ ತೆಗೆದು ತೊಳೆಯಬೇಕು. ಅದಕ್ಕೂ ನಿಲ್ಲದಿದ್ದರೆ, ಜೀವ ಉಳಿಸಲು ಮೊಣಕಾಲಿನ ಕೆಳಗೆ ಕಾಲನ್ನೇ ತೆಗೆಯಬೇಕಾದೀತು. ಜೊತೆಗೆ ಬಂದಿದ್ದ ಸಂಬಂಧಿಕರೊಬ್ಬರು, ಮತ್ತೆ ಮತ್ತೆ ಸಾಯುವುದಕ್ಕಿಂತ ಈಗಲೇ ತೆಗೆಸಿಬಿಡುವುದು ಮೇಲು ಎಂದರು. ಅದೂ ಕರುಣೆಯ ಮಾತೇ. ಎಲ್ಲರೂ ಇವರ ಮುಖ ನೋಡಿದರು. ಇವರು ನನ್ನ ಮುಖ ನೋಡಿದರು.

"ತೊಳೀರಿ ಡಾಕ್ಟರ್," ಅಂದೆ. "ಎಷ್ಟ ಸಲ ತೊಳೀಬೇಕಾಗತೈತಿ, ಅಷ್ಟ ಸಲ ತೊಳೀರಿ. ನಾ ಸುಮ್ಮನ ಮಲಗತೇನಿ."

ಧೈರ್ಯವಂತಳೆಂದು ತೋರಿಸಿಕೊಳ್ಳಲು ಹೇಳಿದ್ದಲ್ಲ. ಜ್ವರದಲ್ಲಿ ನನ್ನ ಹಲ್ಲುಗಳು ಕಟಕಟ ಎನ್ನುತ್ತಿದ್ದವು. ಆದರೆ ಕಾಲು ಇನ್ನೂ ನನ್ನದೇ ಆಗಿತ್ತು. ಬೆರಳು ಆಡಿಸಿದರೆ ಆಡುತ್ತಿತ್ತು. ಆಡುವ ಬೆರಳನ್ನು ನಾನಾಗಿಯೇ ಬಿಟ್ಟುಕೊಡಲಾರೆ ಅನಿಸಿತು.

ಎರಡನೆಯ ಸಲ ಒಳಗೆ ಹೋಗಿ ಬಂದ ಮೇಲೆ ಗಾಯ ಮೊದಲಿಗಿಂತ ದೊಡ್ಡದಾಗಿತ್ತು. ಈಗ ಪಟ್ಟಿ ದಿನಕ್ಕೆ ಹಲವು ಸಲ. ಒದ್ದೆ ಗಾಜ್ ತುಂಬುವುದು, ಅದು ಪೂರಾ ಒಣಗುವ ಮುಂಚೆಯೇ ತೆಗೆಯುವುದು, ಮತ್ತೆ ತುಂಬುವುದು. ಸಿಸ್ಟರ್ ಪ್ರತಿ ಸಲವೂ ಮೂಸಿ ನೋಡುತ್ತಿದ್ದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ.

ಇವರು ತಾಯಿಯೊಂದಿಗೆ ಮಾತು ಬಿಟ್ಟಿದ್ದರು. ಅತ್ತೆ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತಿರುತ್ತಿದ್ದರು. ಒಳಗೆ ಬರುತ್ತಿರಲಿಲ್ಲ. ತಂದ ಬುತ್ತಿಯನ್ನು ಆಯಾಳ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದರು. ಒಂದು ಮಧ್ಯಾಹ್ನ, ಇವರು ಔಷಧಿ ತರಲು ಹೋದಾಗ, ನಾನೇ ಕರೆದೆ. ಬಂದು ಸ್ಟೂಲಿನ ತುದಿಯಲ್ಲಿ ಕೂತರು. ಪಟ್ಟಿಯ ಕಡೆ ನೋಡಿ ಅಂದರು:

"ಕುರಿ ಹಿಂದ ತಿರುಗ್ಯಾಡಿದ ಹೆಣಮಗಳ ನಾನು. ಎಷ್ಟ ಕುರಿ ಕಾಲ ಕಟ್ಟೇನಿ. ಬಿದರಿನ ಸೀಳ ಇಟ್ಟ ಕಟ್ಟಿದ್ರ ತಿಂಗಳದಾಗ ಜಿಗದಾಡತಿದ್ವು."

"ಎಲುಬು ಹೊರಗ ಬಂದಿದ್ರ, ಅತ್ತಿ? ಆ ಕುರಿಗಿ ಏನ ಮಾಡತಿದ್ರಿ?"

ಅವರು ಸೆರಗಿನ ಗಂಟನ್ನು ಹಿಡಿದು ತಿರುವುತ್ತಾ ಕೂತರು.

"ಹೇಳ್ರಿ."

"ಅದನ್ನ ಕಟ್ಟತಿರಲಿಲ್ಲಬೇ. ಕೊಯ್ದ ಬಿಡತಿದ್ವಿ. ಅದ ಉಳೀತಿರಲಿಲ್ಲ. ಒಂದೂ ಉಳದಿಲ್ಲ. ನಿನ್ನ ಕಾಲ ಕಂಡಕೂಡಲೆ ನನಗ ಅದ ಕಣ್ಣಮುಂದ ಬಂತು. ಯಾರ ಮುಂದ ಹೇಳಲಿ? ಅದಕ ಹಚ್ಚಿದೆ. ದೇವರ ಕೈಯಾಗರ ಇರಲಿ ಅಂತ ಹಚ್ಚಿದೆ."

ಅಲ್ಲಿಯವರೆಗೆ ನನ್ನಲ್ಲಿ ಅವರ ಮೇಲೆ ಸಿಟ್ಟಿತ್ತು. ಇಲ್ಲವೆಂದರೆ ಸುಳ್ಳಾದೀತು. ಆ ಮಾತು ಕೇಳಿದ ಮೇಲೆ ಸಿಟ್ಟು ಹಿಡಿದುಕೊಳ್ಳಲು ಏನೂ ಉಳಿಯಲಿಲ್ಲ. ಇಷ್ಟು ದಿನ ಅವರು ನನ್ನ ಮಲಮೂತ್ರ ತೆಗೆಯುತ್ತಾ, ಊರಿನ ಸುದ್ದಿ ಹೇಳುತ್ತಾ, ಸಾಯುವವಳ ಸೇವೆ ಮಾಡುತ್ತಿದ್ದೇನೆ ಎಂದೇ ತಿಳಿದಿದ್ದರು.

"ಅತ್ತಿ, ಭಂಡಾರ ತಗೀರಿ," ಅಂದೆ. "ನನ್ನ ಹಣಿಗಿ ಹಚ್ಚರಿ. ಮಂಚಕ್ಕ ಹಚ್ಚರಿ. ಪಟ್ಟಿ ಒಳಗ ಮಾತ್ರ ಬ್ಯಾಡ. ಅಲ್ಲಿ ಬರೇ ಕುದಿಸಿದ ನೀರು, ಕುದಿಸಿದ ಬಟ್ಟಿ. ನಾ ಉಳೀಬೇಕಂತ ಮಾಡೇನಿ. ನೀವೂ ಹಂಗ ತಿಳಕೋರಿ."

ಅವರು ಗಂಟು ಬಿಚ್ಚಿ ನನ್ನ ಹಣೆಗೆ ಹಚ್ಚಿದರು. ಆಮೇಲೆ ಬಗ್ಗಿ ಕಬ್ಬಿಣದ ಮಂಚದ ನಾಲ್ಕೂ ಕಾಲಿಗೆ ಹಚ್ಚಿದರು. ಸಂಜೆ ಸುಮಿತ್ರಾ ಸಿಸ್ಟರ್ ಅದನ್ನು ನೋಡಿಯೂ ಒರೆಸದೆ ಬಿಟ್ಟರು.

ಜ್ವರ ಇಳಿಯಿತು. ವಾಸನೆ ಕಡಿಮೆಯಾಗುತ್ತಾ ಬಂತು. ಒಂದು ಬೆಳಿಗ್ಗೆ ಸಿಸ್ಟರ್ ಗಾಜ್ ತೆಗೆದು ನೋಡಿ, ಡಾಕ್ಟರನ್ನು ಕರೆದರು. ಡಾಕ್ಟರು ಬಗ್ಗಿ ನೋಡಿ, "ಅಕ್ಕೋರ, ನೀವೂ ನೋಡ್ರಿ," ಎಂದು ದಿಂಬು ಎತ್ತರಿಸಿದರು. ಅಪಘಾತದ ದಿನ ಬಿಟ್ಟರೆ ಅಲ್ಲಿಯವರೆಗೆ ನಾನು ಗಾಯವನ್ನು ಸರಿಯಾಗಿ ನೋಡಿರಲಿಲ್ಲ. ಯಾವಾಗಲೂ ಮುಖ ತಿರುಗಿಸುತ್ತಿದ್ದೆ. ಈಗ ನೋಡಿದೆ. ಗಾಯದ ತಳದಲ್ಲಿ ದಾಳಿಂಬೆಯ ಕಾಳುಗಳನ್ನು ಒತ್ತಾಗಿ ಜೋಡಿಸಿದ ಹಾಗೆ ಕೆಂಪು ಮಾಂಸ ಎದ್ದು ಬಂದಿತ್ತು. ಎಲುಬಿನ ಬಿಳುಪು ಅದರ ಅಡಿಯಲ್ಲಿ ಮುಚ್ಚಿಹೋಗಿತ್ತು.

"ಇದು ಛಲೋ ಮಾಂಸ," ಅಂದರು ಡಾಕ್ಟರು. "ಇದನ್ನ ಕಾಯಬೇಕು."

ಅಂದಿನಿಂದ ನಾನು ಮುಖ ತಿರುಗಿಸುವುದನ್ನು ಬಿಟ್ಟೆ. ಗಾಯ ನನ್ನದು, ನಾನೇ ನೋಡಬೇಕು ಅನಿಸಿತು. ಮೊಳೆಗಳು ಚರ್ಮದೊಳಗೆ ಇಳಿಯುವ ಜಾಗಗಳನ್ನು ದಿನವೂ ಒರೆಸಿ ಒಣಗಿಸುವ ಕೆಲಸವನ್ನು ಕೇಳಿ ತೆಗೆದುಕೊಂಡೆ. ಕೈ ತೊಳೆದು, ಹತ್ತಿಯ ಬತ್ತಿ ಹಿಡಿದು, ಒಂದೊಂದು ಮೊಳೆಯ ಸುತ್ತ ಒರೆಸುವುದು. ನೋವಿದ್ದರೂ ಅದನ್ನು ಕೊಡುವ ಕೈ ನನ್ನದೇ ಆದದ್ದರಿಂದ ಹೆದರಿಕೆ ಕಡಿಮೆಯಾಯಿತು. ಇಂಥ ಕಾಲಿನೊಂದಿಗೆ ಮಲಗಿದವರಿಗೆ ನನ್ನ ಅನುಭವದಿಂದ ಹೇಳಬಹುದಾದ ಒಂದು ಮಾತಿದ್ದರೆ ಇದೇ. ಡಾಕ್ಟರು ಒಪ್ಪಿದರೆ, ಏನಾದರೊಂದು ಸಣ್ಣ ಕೆಲಸವನ್ನು ನಿಮ್ಮ ಕೈಗೆ ತೆಗೆದುಕೊಳ್ಳಿ.

ಮತ್ತೆ ಬೀಳಗಿಗೆ ಬಂದೆವು. ನೆಂಟರೂ ಮತ್ತೆ ಬಂದರು. ಈ ಸಲ ಬಾಗಿಲಲ್ಲಿ ಅತ್ತೆ ಕೂತಿದ್ದರು.

"ಬರ್ರಿ, ಕುಂದರ್ರಿ, ಚಾ ಕುಡೀರಿ. ಸೊಸಿ ಜೋಡಿ ಬೇಕಾದಷ್ಟ ಮಾತಾಡ್ರಿ. ಕಾಲ ಮಾತ್ರ ಕೇಳಬ್ಯಾಡ್ರಿ."

ಅವರ ಸ್ವಂತ ನಾದಿನಿಯೇ ಮುನಿಸಿಕೊಂಡು, "ನಾವೇನ ಹೊರಗಿನ ಮಂದಿಯೇನ?" ಎಂದರು.

"ಒಳಗಿನವರು ಇದ್ದದ್ದಕ್ಕ ಮನಿಯೊಳಗ ಬಿಟ್ಟೇನಿ. ಹೊರಗಿನವರಿದ್ರ ಕಟ್ಟಿ ಮ್ಯಾಲಿಂದನ ಕಳಸತಿದ್ದೆ."

ತಾಯಿ ಮಗ ಮಾತು ಶುರುಮಾಡಿದ್ದು ಹೇಗೆ ಎಂದು ನನಗೆ ಗೊತ್ತಾಗಲಿಲ್ಲ. ಒಂದು ದಿನ ಕುಕ್ಕರಿನ ಉರಿಯ ವಿಷಯಕ್ಕೆ ಇಬ್ಬರೂ ಜಗಳವಾಡುವುದು ಕೇಳಿಸಿತು. ಸದ್ಯ, ಅಂದುಕೊಂಡೆ.

ಅಷ್ಟರಲ್ಲಿ ಇವರಿಗೆ ಚುನಾವಣೆಯ ಕೆಲಸಕ್ಕೆ ರಬಕವಿ ಬನಹಟ್ಟಿ ಕಡೆ ಹೋಗಬೇಕಾಯಿತು. ತಪ್ಪಿಸುವಂತಿರಲಿಲ್ಲ. ಪಟ್ಟಿ ಯಾರು ಕಟ್ಟುವುದೆಂದು ನಾವು ಯೋಚಿಸುತ್ತಿರುವಾಗಲೇ ಅತ್ತೆ ಬಚ್ಚಲಿಗೆ ಹೋಗಿ ಬಳೆಗಳನ್ನು ಮೊಳಕೈ ಕಡೆಗೆ ಏರಿಸಿ ಬಿಗಿದುಕೊಂಡರು.

"ಸೋಪ ಎಷ್ಟ ಹೊತ್ತ ಹಚ್ಚಬೇಕ?" ಎಂದು ಅಲ್ಲಿಂದಲೇ ಕೇಳಿದರು.

"ಬೀರಪ್ಪನ ಪದ ಒಂದ ನುಡಿ ಮುಗಿಯೂತನಕಾ ತಿಕ್ಕರಿ," ಅಂದೆ.

ಅವರು ಪದ ಹಾಡುತ್ತಲೇ ಕೈ ತೊಳೆದರು. ಒಂದು ನುಡಿ ಅಲ್ಲ, ಎರಡು ಹಾಡಿದರು. ಒದ್ದೆ ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು, ಎಲ್ಲಿಯೂ ತಾಗದಂತೆ ಬಾಗಿಲನ್ನು ಮೊಳಕೈಯಿಂದ ತಳ್ಳಿ ಬಂದರು. ಇಷ್ಟು ದಿನ ಮಗನನ್ನು ನೋಡಿ ಎಲ್ಲ ಕಲಿತಿದ್ದರು. ಬಾಯಿಗೆ ಬಟ್ಟೆ ಕಟ್ಟಿಸಿಕೊಂಡು ನನ್ನ ಕಾಲ ಹತ್ತಿರ ನೆಲದ ಮೇಲೆ ಕೂತರು. ನಾನು ಅರಿವಿಲ್ಲದೆ ಕಾಲು ಎಳೆದುಕೊಂಡೆ. ಗಂಡ ಕೂತದ್ದೇ ಒಂದು ತೆರನಾದರೆ, ಹಿರಿಯ ಜೀವ ನನ್ನ ಪಾದದ ಬಳಿ ಕೂರುವುದು ಇನ್ನೊಂದು.

"ಜಗ್ಗಬ್ಯಾಡ," ಅಂದರು. "ಕಾಲ ಅಂದ್ರ ಕಾಲ. ಅದರಾಗ ಅತ್ತಿದೇನು, ಸೊಸಿದೇನು."

ಮುಂದೆ ಮಾತಿಲ್ಲ. ಗಾಜ್ ತೋಯಿಸಿ ಕಾದರು. ಅವರೂ ಎಳೆಯಲಿಲ್ಲ. ಗಾಯ ತೆರೆದಾಗ ಅವರ ಕಣ್ಣು ಅಲ್ಲೇ ನಿಂತವು. ಎಲುಬು ಹುಡುಕುತ್ತಿದ್ದಾರೆ ಎಂದು ನನಗೆ ಅರ್ಥವಾಯಿತು. ಎಲುಬು ಕಾಣಲಿಲ್ಲ. ಅವರ ಕಣ್ಣುಗಳಿಂದ ನೀರು ಇಳಿಯಿತು. ನೀರು ಗಾಯದ ಮೇಲೆ ಬೀಳಬಾರದೆಂದು ಮುಖವನ್ನು ಪಕ್ಕಕ್ಕೆ ತಿರುಗಿಸಿದರು. ಇವರು ಚುನಾವಣೆಯಿಂದ ಬಂದ ಮೇಲೂ ಪಟ್ಟಿಯ ಕೆಲಸವನ್ನು ಅವರು ಮರಳಿ ಕೊಡಲಿಲ್ಲ. "ಅವ ಬಿಗಿಯಾಗಿ ಕಟ್ಟತಾನ," ಎಂಬುದು ಅವರ ದೂರು.

ಗಾಯ ಮೇಲಿನವರೆಗೆ ತುಂಬಿ ಬಂದ ಮೇಲೆ ತೊಡೆಯಿಂದ ತೆಳ್ಳನೆಯ ಚರ್ಮ ತೆಗೆದು ಅದರ ಮೇಲೆ ಹೊದಿಸಿದರು. ಆ ಚರ್ಮ ಹತ್ತಿಕೊಂಡಿತೋ ಇಲ್ಲವೋ ಎಂದು ಕಾದ ದಿನಗಳು ಅಪಘಾತದ ದಿನಕ್ಕಿಂತ ಉದ್ದವಾಗಿದ್ದವು. ಹತ್ತಿಕೊಂಡಿತು. ಅಂಚಿನಲ್ಲಿ ಒಂದು ಕಡೆ ಸ್ವಲ್ಪ ಹೋಯಿತು, ಅದೂ ನಿಧಾನವಾಗಿ ಮುಚ್ಚಿತು. ಸರಳು ತೆಗೆದು ಪ್ಲಾಸ್ಟರ್ ಹಾಕಿದರು, ಪ್ಲಾಸ್ಟರ್ ತೆಗೆದು ಊರುಗೋಲು ಕೊಟ್ಟರು. ಮಳೆಗಾಲ ಕಳೆದು, ದೀಪಾವಳಿ ಮುಗಿದು, ಮತ್ತೆ ಕಬ್ಬಿನ ಗಾಡಿಗಳು ರಸ್ತೆಗೆ ಬಂದ ಮೇಲೆ ನಾನು ಶಾಲೆಗೆ ಹೋದೆ. ಬಲಗಾಲು ಸ್ವಲ್ಪ ಗಿಡ್ಡ. ಚಳಿಗಾಲದಲ್ಲಿ ನೋಯುತ್ತದೆ. ಕುಕ್ಕುರುಗಾಲಿನಲ್ಲಿ ಕೂರಲಾಗುವುದಿಲ್ಲ. ಕರಿಹಲಗೆಯ ಮುಂದೆ ನಿಂತರೆ ಭಾರವನ್ನೆಲ್ಲ ಎಡಗಾಲಿಗೆ ಕೊಡುತ್ತೇನೆ. ಗೀತಾ ನನ್ನ ಹಾಸಿಗೆಗೆ ಮರಳಿ ಬಂದದ್ದು ಮಾತ್ರ ಇದೆಲ್ಲಕ್ಕಿಂತ ಎಷ್ಟೋ ಮೊದಲು. ಹಸಿ ವಾಸನೆ ಹೋದ ವಾರವೇ ತನ್ನ ದಿಂಬು ಎಳೆದುಕೊಂಡು ಬಂದು ನನ್ನ ಎಡಗಡೆ ಮಲಗಿದ್ದಳು.

ಇದನ್ನೆಲ್ಲ ಬರೆಯಲು ಕಾರಣವಾದದ್ದು ಆಮೇಲೆ ನಡೆದ ಒಂದು ಘಟನೆ. ವರ್ಷವೊಂದು ಕಳೆದಿರಬೇಕು, ತೋರಿಸಿಕೊಂಡು ಬರಲು ಜಮಖಂಡಿಗೆ ಹೋಗಿದ್ದೆ. ಎಂದಿನಂತೆ ಹೊರಗಿನ ಕೋಣೆ ತುಂಬಿತ್ತು. ಸುಮಿತ್ರಾ ಸಿಸ್ಟರ್ ನನ್ನನ್ನು ಕಂಡು ಕೈ ಹಿಡಿದು ಒಳಗೆ ಕರೆದೊಯ್ದರು.

"ಮುಧೋಳ ಕಡೇಕಿ. ಶಾಂತವ್ವ ಅಂತ. ಗಾಡಿ ಮೈಮ್ಯಾಲ ಬಿದ್ದೈತಿ. ಕಾಲ ನಿಮ್ಮದರ ಹಂಗನ. ನಿನ್ನೆಯಿಂದ ಪಟ್ಟಿ ಬಿಚ್ಚಾಕ ಬಿಡವಲ್ಲಳು. ಸತ್ರ ಸಾಯಲಿ ಬಿಡ್ರಿ ಅಂತಾಳ. ನೀವು ಏನರ ಹೇಳ್ರಿ."

ನನ್ನಷ್ಟೇ ವಯಸ್ಸಿನ ಹೆಂಗಸು, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಹೊದಿಕೆಯ ಹೊರಗೆ ಉಕ್ಕಿನ ಸರಳು ಕಾಣುತ್ತಿತ್ತು. ಅವಳ ಗಂಡನಿರಬೇಕು, ಕಾಲ ಕಡೆ ನಿಂತು ಟವೆಲಿನಿಂದ ನೊಣ ಓಡಿಸುತ್ತಿದ್ದ. ನಾನು ಬರುವಾಗ ಏನು ಹೇಳಬೇಕೆಂದು ಯೋಚಿಸಿರಲಿಲ್ಲ. ಸ್ಟೂಲ್ ಎಳೆದುಕೊಂಡು ಕೂತೆ.

"ಶಾಂತವ್ವಾ, ನನಗೂ ಹಿಂಗ ಆಗಿತ್ತು," ಅಂದೆ.

ಅವಳು ತಿರುಗಲಿಲ್ಲ. ಇಂಥ ಮಾತನ್ನು ಬಂದವರೆಲ್ಲ ಹೇಳಿರಬೇಕು. ಸಿಸ್ಟರ್ ಅವಳ ಗಂಡನನ್ನು ಹೊರಗೆ ಕಳಿಸಿದರು. ನಾನು ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ, ಬಲಗಾಲನ್ನು ಅವಳ ಮಂಚದ ಅಂಚಿನ ಮೇಲೆ ಇಟ್ಟೆ.

"ನೋಡಿಲ್ಲಿ."

ಅವಳು ಕತ್ತು ತಿರುಗಿಸಿದಳು. ಹೊಳೆಯುವ, ತಗ್ಗಾದ, ಬಣ್ಣ ಬೇರೆಯಾದ ಚರ್ಮವನ್ನು ನೋಡಿದಳು. ಮೊಳೆಗಳು ಇಳಿದಿದ್ದ ಜಾಗದ ಗುಂಡು ಕಲೆಗಳನ್ನು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ಬಿಚ್ಚುವಾಗ ಭಾಳ ನೋಯತಿತ್ತೇನ್ರಿ?"

"ಭಾಳ ನೋಯತಿತ್ತು. ಒದರಾಡತಿದ್ದೆ."

"ಈಗ?"

"ಈಗ ನಡಕೋತ ಬಂದೇನಿ. ಬಸ್ ಸ್ಟ್ಯಾಂಡಿನಿಂದ."

ಅವಳು ಕೈ ಚಾಚಿದಳು. ನಾನು ಕಾಲನ್ನು ಇನ್ನಷ್ಟು ಹತ್ತಿರ ಸರಿಸಿದೆ. ಅವಳ ಹೆಬ್ಬೆರಳು ಆ ಹೊಸ ಚರ್ಮದ ಮೇಲೆ ಬಂದು ನಿಂತಿತು. ಮೊದಲು ಮೆಲ್ಲಗೆ ಮುಟ್ಟಿದಳು. ಆಮೇಲೆ ಒತ್ತಿದಳು. ಅಡಿಯಲ್ಲಿ ಎಲುಬು ಖರೆ ಇದೆಯೋ ಇಲ್ಲವೋ ಎಂದು ನೋಡುವವಳಂತೆ ಉಗುರು ಬಿಳಿಚುವಷ್ಟು ಒತ್ತಿದಳು. ನೋವಾಯಿತು. ನಾನು ಕಾಲು ಎಳೆದುಕೊಳ್ಳಲಿಲ್ಲ.

ಅವಳು ಕೈ ತೆಗೆದಳು. ದಿಂಬನ್ನು ಸರಿಮಾಡಿಕೊಂಡು ಅಂಗಾತ ಮಲಗಿ, ಮಂಚದ ಎರಡೂ ಬದಿಯ ಕಬ್ಬಿಣವನ್ನು ಗಟ್ಟಿಯಾಗಿ ಹಿಡಿದಳು.

"ಬಿಚ್ಚರಿ ಸಿಸ್ಟರ್," ಅಂದಳು.